ಫಾರ್ಮ್ಯಾಟ್ ಮಾಡಿಸುವ ಮುನ್ನ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದೊಡನೆ ಎಂದೂ ಕೇಳರಿಯದ ಹುಡುಕುಪುಟವೊಂದು ಬಂದು ಕೂರುತ್ತದೆ, ಏನು ಮಾಡಿದರೂ ತೊಲಗುತ್ತಿಲ್ಲ ಎಂದು ಓದುಗರೊಬ್ಬರು ಕೇಳಿದ್ದ ಪ್ರಶ್ನೆಗೆ, ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ‘ವೈರಸ್ ಸೇರಿರಬಹುದು, ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ ಹೊಸದಾಗಿ ಹಾಕಿಸಿಕೊಳ್ಳಿ’ ಎಂಬ ಎರಡು ಸಾಲಿನ ಉತ್ತರ ಪ್ರಕಟವಾಗಿತ್ತು. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕುವುದು. ಆ ಉತ್ತರ ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ; ಹಾವೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿರುವವನು. ಆದರೆ ಅದೇ ತೊಂದರೆ ನನ್ನ ಮನೆಯ ಕಂಪ್ಯೂಟರಿಗೂ ಬಂದಿತ್ತು, ಅದನ್ನು ನನ್ನ ಕೈಯಾರೆ ನಾನೇ ತಂದುಕೊಂಡಿದ್ದೆ, ಮತ್ತು ಒಂದು ಕಡತವನ್ನೂ ಕಳೆದುಕೊಳ್ಳದೆ ಅದನ್ನು ತೆಗೆದುಹಾಕಿದೆ ಎಂಬ ಕಾರಣಕ್ಕೆ ಈ ಕುರಿತು ನಾಲ್ಕು ಮಾತು ಹೇಳಲು ನನಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ಆದದ್ದು ಕಳೆದ ನವೆಂಬರಿನಲ್ಲಿ. ರಾಜ್ಯೋತ್ಸವದ ತಿಂಗಳೆಂದರೆ ನಮ್ಮಂಥವರಿಗೆ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳ ಸುಗ್ಗಿ. ನಿವೃತ್ತ ಮಾಸ್ತರರೊಬ್ಬರು ತಮ್ಮೂರಿನ ಇತಿಹಾಸವನ್ನು 2006ರಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ಇಟ್ಟಿದ್ದರು. ಅದನ್ನು ಇಂದಿನ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡಿಗೆ ಬದಲಾಯಿಸಿ ಪುಸ್ತಕ ಮಾಡಿಕೊಡಬೇಕೆಂದು ಪೆನ್‌ಡ್ರೈವ್ ಕೊಟ್ಟು ಹೋದರು. ಅಂಗಡಿಯಲ್ಲಿ ಪುರುಸೊತ್ತಿಲ್ಲದ್ದರಿಂದ ರಾತ್ರಿ ಹತ್ತು ಗಂಟೆಯ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಕುಳಿತೆ. ಅಕ್ಷರ ಪರಿವರ್ತಕ ತಂತ್ರಾಂಶವೊಂದು ಬೇಕಿತ್ತು. ಹುಡುಕಿದಾಗ ಮೇಲೆ ಬಂದ ತಾಣವನ್ನು, ಅದು ಯಾರದೆಂದು ನೋಡದೆ ತೆರೆದೆ. ಆ ಪುಟದಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿಗಳು ಮೂರಿದ್ದವು. ಅಂಗೈಯಗಲದ ಹಸಿರು ಗುಂಡಿ ನಟ್ಟನಡುವೆ, ಬಾಣದ ಗುರುತಿದ್ದ ಇನ್ನೊಂದು ಅದರ ಕೆಳಗೆ, ಇವೆರಡೂ ಜಾಹೀರಾತುಗಳು. ನಿಜವಾದದ್ದು ಪುಟದ ಬುಡದಲ್ಲಿ, ಇರುವೆಸಾಲಿನಂಥ ನೀಲಿ ಅಕ್ಷರದಲ್ಲಿ ಇತ್ತೆಂಬುದನ್ನು ಮರುದಿನ ನೋಡಿದೆ. ನಾನು ಒತ್ತಿದ್ದು ಹಸಿರನ್ನು.

ಇಳಿದು ಬಂದ ಕಡತ ತೆರೆದಾಗ ಎಂದಿನಂತೆ ‘ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ, ಫಿನಿಶ್’. ನಡುವಿನ ಒಂದು ಪರದೆಯಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಆಯ್ಕೆಗೆ ಮೊದಲೇ ಚುಕ್ಕೆ ಬಿದ್ದಿತ್ತು, ಅದರ ಮುಂದೆ ಆವರಣದಲ್ಲಿ ‘ರೆಕಮೆಂಡೆಡ್’ ಎಂದಿತ್ತು. ‘ಕಸ್ಟಮ್’ ಎಂಬ ಇನ್ನೊಂದು ಆಯ್ಕೆ, ಅದನ್ನು ಒತ್ತಲು ಬರುವುದಿಲ್ಲವೇನೋ ಎನಿಸುವಷ್ಟು ಮಬ್ಬು ಬೂದು ಬಣ್ಣದಲ್ಲಿತ್ತು. ಆ ಬೂದು ಆಯ್ಕೆಯನ್ನು ಒತ್ತಿದ್ದರೆ, ಜೊತೆಗೆ ಇನ್ನೂ ಮೂರು ತಂತ್ರಾಂಶಗಳನ್ನು ಹಾಕುತ್ತೇವೆ, ಮುಖಪುಟವನ್ನು ಬದಲಾಯಿಸುತ್ತೇವೆ ಎಂಬ ಸಾಲುಗಳೂ, ಅವುಗಳ ಮುಂದಿನ ಟಿಕ್ ಗುರುತುಗಳೂ ಕಣ್ಣಿಗೆ ಬೀಳುತ್ತಿದ್ದವು. ದಿನಕ್ಕೆ ಹತ್ತು ಜನರ ಕಂಪ್ಯೂಟರಿಗೆ ಫಾಂಟು ಹಾಕಿಕೊಡುವ ನಾನೇ ಓದಲಿಲ್ಲ. ಪರಿವರ್ತಕವಂತೂ ಅದರಲ್ಲಿ ಇರಲೇ ಇಲ್ಲ.

ಬೆಳಗ್ಗೆ ಮಗಳು ಕಾಲೇಜಿನ ಕೆಲಸಕ್ಕೆಂದು ಕುಳಿತವಳು, ‘ಅಪ್ಪಾ, ಗೂಗಲ್ ಎಲ್ಲಿ ಹೋತು?’ ಎಂದು ಕೂಗಿದಳು. ಬ್ರೌಸರ್ ತೆರೆದರೆ ಭೂತಗನ್ನಡಿಯ ಚಿತ್ರವಿರುವ, ಹೆಸರೇ ಕೇಳಿರದ ಪುಟ. ಅದರಲ್ಲಿ ಏನನ್ನೇ ಹುಡುಕಿದರೂ ವಿಳಾಸಪಟ್ಟಿಯಲ್ಲಿ ಎರಡು ಮೂರು ಅಪರಿಚಿತ ವಿಳಾಸಗಳು ಕಣ್ಣುಮಿಟುಕಿಸುವಷ್ಟರಲ್ಲಿ ಹಾದುಹೋಗಿ, ಕಡೆಗೆ ಜಾಹೀರಾತುಗಳೇ ಮೊದಲರ್ಧ ತುಂಬಿದ ಫಲಿತಾಂಶ ಬರುತ್ತಿತ್ತು. ಹುಬ್ಬಳ್ಳಿ ಬಸ್ಸಿನ ವೇಳೆ ಹುಡುಕಿದರೆ ಸಾಲದ ಜಾಹೀರಾತು. ಪರದೆಯ ಬಲ ಮೂಲೆಯಲ್ಲಿ ಐದು ನಿಮಿಷಕ್ಕೊಮ್ಮೆ ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ’ ಎಂಬ ಕೆಂಪು ಚೀಟಿ. ಮುಖಪುಟವನ್ನು ಮತ್ತೆ ಮೊದಲಿನಂತೆ ಮಾಡಿದರೆ, ಬ್ರೌಸರ್ ಮುಚ್ಚಿ ತೆರೆಯುವಷ್ಟರಲ್ಲಿ ಹಳೆಯ ಕಥೆ.

ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿನ ಹುಡುಗ ತೆರೆದೂ ನೋಡದೆ, ‘ಫಾರ್ಮ್ಯಾಟ್ ಹೊಡೀಬೇಕ್ರಿ ಸರ್, ಬ್ಯಾರೆ ದಾರಿ ಇಲ್ಲ, ಎಂಟುನೂರು ಆಗ್ತದ, ಡೇಟಾ ಉಳಿಸೋದಿದ್ರ ಅದಕ್ಕ ಬ್ಯಾರೆ’ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದೊಂದನ್ನೇ ಹುಡುಕಿ ತೆಗೆಯುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ಅವನು ಮೂರು ಕಂಪ್ಯೂಟರಿಗೆ ವಿಂಡೋಸ್ ಹಾಕಿರುತ್ತಾನೆ. ಆದರೆ ಕನ್ನಡದಲ್ಲಿ ಕೆಲಸ ಮಾಡುವವರ ಕಂಪ್ಯೂಟರಿನಲ್ಲಿ ಕಡತಗಳಷ್ಟೇ ಇರುವುದಿಲ್ಲ. ಇಂದು ಎಲ್ಲಿಯೂ ಸಿಗದ ಹಳೆಯ ಫಾಂಟುಗಳು, ಅವುಗಳನ್ನು ಓದುವ ಹಳೆಯ ತಂತ್ರಾಂಶ, ಅದರ ಕಳೆದುಹೋದ ಸಿ.ಡಿ., ಇವೆಲ್ಲ ಸೇರಿ ಒಂದು ಸಂಸಾರದಂತೆ ಹೊಂದಿಕೊಂಡಿರುತ್ತವೆ. ಫಾರ್ಮ್ಯಾಟ್ ಮಾಡಿ ‘ಡೇಟಾ’ ಮಾತ್ರ ವಾಪಸು ಕೊಟ್ಟರೆ ಹದಿನಾಲ್ಕು ವರ್ಷಗಳ ಕೆಲಸ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಕಂಪ್ಯೂಟರನ್ನು ಮನೆಗೆ ವಾಪಸು ತಂದೆ.

ಇದು ಸಾಮಾನ್ಯ ಅರ್ಥದಲ್ಲಿ ವೈರಸ್ ಅಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಕಡತದಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಕಡತಗಳನ್ನು ಅಳಿಸುವುದಿಲ್ಲ, ಬೀಗ ಹಾಕಿ ಹಣ ಕೇಳುವುದೂ ಇಲ್ಲ. ಇದು ಆಡ್‌ವೇರ್, ಅಂದರೆ ಜಾಹೀರಾತು ತೋರಿಸಿ ಹೊಟ್ಟೆ ಹೊರೆಯುವ ತಂತ್ರಾಂಶ. ನಾವು ಹುಡುಕುವ ಪ್ರತಿ ಪದವನ್ನೂ ತನ್ನ ಪುಟದ ಮೂಲಕ ಹಾಯಿಸಿ, ಆ ದಾರಿಯಲ್ಲಿ ಒತ್ತಲ್ಪಡುವ ಜಾಹೀರಾತಿನ ಹಣದಲ್ಲಿ ಪಾಲು ಪಡೆಯುವುದು ಇದರ ದಂಧೆ. ಇದನ್ನು ನಮ್ಮ ಕಂಪ್ಯೂಟರಿಗೆ ಸೇರಿಸಿದವರಿಗೂ ತಲೆಗಿಷ್ಟು ಎಂದು ಸಂಭಾವನೆ ಸಲ್ಲುತ್ತದೆ. ನಾವು ಬಿಟ್ಟಿ ಎಂದು ಇಳಿಸಿಕೊಂಡದ್ದರ ಬೆಲೆಯನ್ನು ಹೀಗೆ ವಸೂಲು ಮಾಡುತ್ತಾರೆ. ಆದರೆ ಹುಡುಕಿದ್ದೆಲ್ಲವೂ ಇನ್ನೊಬ್ಬರ ಕೈಯ ಮೂಲಕ ಹೋಗುತ್ತಿರುವಾಗ ಅದನ್ನು ನಿರುಪದ್ರವಿ ಎಂದು ಬಿಟ್ಟುಬಿಡುವುದೂ ಸಲ್ಲದು.

ಎಡವಿದವನು ನಾನೊಬ್ಬನೇ ಅಲ್ಲ ಎಂಬುದಕ್ಕೆ ಬೇಕಾದಷ್ಟು ದಾಖಲೆಗಳಿವೆ. 2003ರ ಸುಮಾರಿಗೆ ‘ಕೂಲ್‌ವೆಬ್‌ಸರ್ಚ್’ ಎಂಬುದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಳಸುತ್ತಿದ್ದವರನ್ನು ಇದೇ ರೀತಿ ಕಾಡಿತ್ತು. ಲೆನೋವೊ ಕಂಪನಿ 2014ರಲ್ಲಿ ಮಾರಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶ ಕಾರ್ಖಾನೆಯಿಂದಲೇ ಸೇರಿ ಬಂದಿತ್ತೆಂಬುದು 2015ರ ಫೆಬ್ರುವರಿಯಲ್ಲಿ ಬಯಲಾಗಿ, ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ಜೊತೆ ಆ ಕಂಪನಿ 2017ರಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ಅದೇ 2017ರ ಜೂನ್ ತಿಂಗಳಲ್ಲಿ ಚೆಕ್ ಪಾಯಿಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯು, ‘ಫೈರ್‌ಬಾಲ್’ ಎಂಬ ಬ್ರೌಸರ್ ಅಪಹಾರಕ ತಂತ್ರಾಂಶವು ಜಗತ್ತಿನಾದ್ಯಂತ 25 ಕೋಟಿ ಕಂಪ್ಯೂಟರುಗಳನ್ನು ಸೇರಿದೆ, ಅವುಗಳಲ್ಲಿ ಸುಮಾರು ಎರಡೂವರೆ ಕೋಟಿ ಭಾರತದವು, ಬೇರಾವ ದೇಶದಲ್ಲೂ ಇಷ್ಟಿಲ್ಲ ಎಂದು ಅಂದಾಜು ಮಾಡಿತು. ಈ ಅಂದಾಜು ತೀರಾ ಹೆಚ್ಚಾಯಿತೆಂದು ಮೈಕ್ರೋಸಾಫ್ಟ್ ಆಕ್ಷೇಪಿಸಿತು ಎಂಬುದೂ ನಿಜ. ಅದು ಹರಡಿದ ಬಗೆಯೂ ನಾನು ಕಂಡದ್ದೇ: ಬಿಟ್ಟಿ ತಂತ್ರಾಂಶದ ಬೆನ್ನೇರಿ, ‘ನೆಕ್ಸ್ಟ್’ ಗುಂಡಿಯ ಮೂಲಕ.

ಇನ್ನು ತೆಗೆದ ಬಗೆ. ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ಎಂಬಲ್ಲಿ ಹೋಗಿ, ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಪಟ್ಟಿಯನ್ನು ಜೋಡಿಸಿದೆ. ಹೆಸರು ನೋಡಿ ಹುಡುಕಹೊರಟರೆ ಇವು ಸಿಗುವುದಿಲ್ಲ. ಹೆಸರುಗಳೆಲ್ಲ ‘ಹೆಲ್ಪರ್’, ‘ಅಪ್‌ಡೇಟರ್’ ಎಂಬಂತೆ ಸಭ್ಯವಾಗಿಯೇ ಇರುತ್ತವೆ. ಆದರೆ ದಿನಾಂಕ ಸುಳ್ಳು ಹೇಳಲಿಲ್ಲ: ಆ ರಾತ್ರಿಯ ತಾರೀಖಿನ ಮುಂದೆ, ನಾನು ಹಾಕಿಕೊಂಡದ್ದು ಒಂದಾದರೆ, ಕುಳಿತಿದ್ದವು ನಾಲ್ಕು. ನಾಲ್ಕನ್ನೂ ಅನ್‌ಇನ್‌ಸ್ಟಾಲ್ ಮಾಡಿದೆ. ಅವುಗಳಲ್ಲೊಂದು ಹೋಗುವಾಗಲೂ ‘ಉಳಿಸಿಕೊಳ್ಳಿ’ ಎಂಬ ದೊಡ್ಡ ಗುಂಡಿಯನ್ನು ಮುಂದಿಟ್ಟು, ‘ತೆಗೆಯಿರಿ’ ಎಂಬುದನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದಿತ್ತು. ಆ ಹೊತ್ತಿಗೆ ನನಗೆ ಓದುವ ಅಭ್ಯಾಸ ಬಂದಿತ್ತು.

ಆಮೇಲೆ ಬ್ರೌಸರಿಗೆ ಹೆಚ್ಚುವರಿ ಕೆಲಸ ಕಲಿಸುವ ಪುಟ್ಟ ತಂತ್ರಾಂಶಗಳಾದ ಎಕ್ಸ್‌ಟೆನ್ಷನ್‌ಗಳು. ನಾನು ಬಳಸುವುದು ಕ್ರೋಮ್. ಅದರಲ್ಲಿ ನಾನು ಹಾಕದ ಎರಡು ಎಕ್ಸ್‌ಟೆನ್ಷನ್‌ಗಳಿದ್ದವು. ಒಂದನ್ನು ತೆಗೆಯಲು ಬಂತು, ಇನ್ನೊಂದರ ‘ರಿಮೂವ್’ ಗುಂಡಿಯೇ ಮಾಯವಾಗಿತ್ತು. ಕ್ರೋಮಿನ ಮೂರು ಚುಕ್ಕೆಯ ಮೆನುವಿನ ಕೊನೆಯಲ್ಲಿ, ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂಬರ್ಥದ ಇಂಗ್ಲಿಷ್ ಸಾಲೊಂದು ಕಂಡಿತು. ಹಾವೇರಿಯ ಮನೆಯೊಂದರ ಹಿಂದಿನ ಕೋಣೆಯಲ್ಲಿರುವ ಕಂಪ್ಯೂಟರನ್ನು ಯಾವ ಸಂಸ್ಥೆ ನಿರ್ವಹಿಸುತ್ತಿದೆ? ಕಚೇರಿಗಳಲ್ಲಿ ಒಬ್ಬ ಮೇಲ್ವಿಚಾರಕ ನೂರಾರು ಕಂಪ್ಯೂಟರುಗಳಿಗೆ ನಿಯಮ ಹಾಕಲೆಂದು ಇರುವ ‘ಪಾಲಿಸಿ’ ಎಂಬ ವ್ಯವಸ್ಥೆಯನ್ನೇ ಈ ತಂತ್ರಾಂಶ ಹಿಡಿದುಕೊಂಡು, ತಾನೇ ಮೇಲ್ವಿಚಾರಕನ ಕುರ್ಚಿಯಲ್ಲಿ ಕೂತಿತ್ತು. ಮುಖಪುಟ ಮತ್ತೆ ಮತ್ತೆ ತಿರುಗಿ ಬರುತ್ತಿದ್ದದ್ದೂ ಈ ಕಾರಣಕ್ಕೇ. ಸ್ವಂತ ಕಂಪ್ಯೂಟರಿನಲ್ಲಿ ಆ ಸಾಲು ಕಂಡರೆ ಎಚ್ಚರ ವಹಿಸಬೇಕು; ಕೆಲವು ಆಂಟಿವೈರಸ್‌ಗಳೂ ಪಾಲಿಸಿ ಹಾಕುವುದುಂಟಾದ್ದರಿಂದ ಗಾಬರಿಯಾಗುವ ಮೊದಲು ವಿಳಾಸಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್ ಎಂದು ಬರೆದು, ಕೋಲನ್ ಎಂಬ ಎರಡು ಚುಕ್ಕೆ, ಎರಡು ಓರೆಗೆರೆ ಹಾಕಿ, ಪಾಲಿಸಿ ಎಂದು (chrome://policy) ಟೈಪಿಸಿದರೆ ಏನೇನು ನಿಯಮಗಳಿವೆ ಎಂಬುದು ಕಾಣುತ್ತದೆ.

ಇದನ್ನು ಬಿಡಿಸಿದ್ದು ‘ಆಡ್‌ಡಬ್ಲ್ಯುಕ್ಲೀನರ್’ ಎಂಬ ಉಚಿತ ಸಾಧನ. ಫ್ರೆಂಚ್ ತಜ್ಞನೊಬ್ಬ ರೂಪಿಸಿದ್ದ ಇದನ್ನು ಮಾಲ್‌ವೇರ್‌ಬೈಟ್ಸ್ ಸಂಸ್ಥೆ 2016ರಲ್ಲಿ ತನ್ನದಾಗಿಸಿಕೊಂಡಿತು. ಇನ್‌ಸ್ಟಾಲ್ ಮಾಡಬೇಕಿಲ್ಲ, ಒಂದೇ ಕಡತ. ಅದನ್ನು ಓಡಿಸಿ, ತೋರಿಸಿದ್ದನ್ನೆಲ್ಲ ಒಮ್ಮೆ ಓದಿ, ಅವನ್ನು ಪ್ರತ್ಯೇಕವಾಗಿಡಲು (‘ಕ್ವಾರಂಟೈನ್’) ಹೇಳಿ, ಕಂಪ್ಯೂಟರನ್ನು ಮರಳಿ ಚಾಲೂ ಮಾಡಿದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಕ್ರೋಮಿನ ಪಾಲಿಸಿಗಳನ್ನು ಅಳಿಸುವ ಆಯ್ಕೆಯೂ ಇದೆ, ಅದನ್ನೂ ಬಳಸಿದೆ. ಇಲ್ಲೊಂದು ಮಾತು ಒತ್ತಿ ಹೇಳಬೇಕು: ಇಂಥ ಸಾಧನವನ್ನು ಹುಡುಕುಪುಟದಿಂದ, ಅದರಲ್ಲೂ ಅಪಹರಣಕ್ಕೊಳಗಾದ ಬ್ರೌಸರಿನಿಂದ ಹುಡುಕಿ ಇಳಿಸಿಕೊಳ್ಳಬಾರದು. ತಯಾರಕರ ತಾಣದ ವಿಳಾಸವನ್ನು ಕೈಯಾರೆ ಬರೆದು, ಸಾಧ್ಯವಾದರೆ ಬೇರೆ ಕಂಪ್ಯೂಟರಿನಿಂದ ಇಳಿಸಿ ತರಬೇಕು. ನಾನು ಅಂಗಡಿಯಿಂದ ತಂದೆ.

ಕೊನೆಗೆ ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್’ ಮಾಡಿದೆ. ಇದಕ್ಕೂ ಜನ ಹೆದರುತ್ತಾರೆ, ಆದರೆ ಗುರುತುಹಾಕಿಟ್ಟ ಪುಟಗಳಾಗಲಿ ಉಳಿಸಿಟ್ಟ ಪಾಸ್‌ವರ್ಡುಗಳಾಗಲಿ ಇದರಿಂದ ಹೋಗುವುದಿಲ್ಲ. ಮುಖಪುಟ, ಹುಡುಕುಯಂತ್ರ ಮೊದಲಿನಂತಾಗಿ, ಎಕ್ಸ್‌ಟೆನ್ಷನ್‌ಗಳು ನಿಷ್ಕ್ರಿಯವಾಗುತ್ತವೆ, ತಾಣಗಳು ಇಟ್ಟುಕೊಂಡ ಕುಕಿಯಂಥ ತಾತ್ಕಾಲಿಕ ಮಾಹಿತಿ ಅಳಿಯುತ್ತದೆ, ಅಷ್ಟೇ. ಮೂಲೆಯ ಕೆಂಪು ಚೀಟಿಗೂ ಹುಡುಕುಪುಟದ ಈ ಕಾಟಕ್ಕೂ ನೇರ ಸಂಬಂಧವೇ ಇರಲಿಲ್ಲ. ಆ ಡೌನ್‌ಲೋಡ್ ಪುಟ ‘ಮುಂದುವರಿಯಲು ಅಲೋ ಒತ್ತಿ’ ಎಂದಾಗ ಆ ರಾತ್ರಿ ಅದನ್ನೂ ಒತ್ತಿದ್ದೆ; ಅದು ನನ್ನ ಪರದೆಯ ಮೇಲೆ ಯಾವಾಗ ಬೇಕಾದರೂ ಚೀಟಿ ಅಂಟಿಸಲು ನಾನೇ ಕೊಟ್ಟ ಪರವಾನಗಿ. ನೋಟಿಫಿಕೇಷನ್ ಅನುಮತಿ ಪಡೆದ ತಾಣಗಳ ಪಟ್ಟಿಯಿಂದ ಆ ಹೆಸರನ್ನು ತೆಗೆದದ್ದೇ ತಡ, ‘ವೈರಸ್’ ಮಾಯವಾಯಿತು.

ಕೆಲಸ ಮುಗಿಯಿತೆಂದುಕೊಂಡೆ. ಮೂರನೆಯ ದಿನ ಭೂತಗನ್ನಡಿ ಮತ್ತೆ ಪ್ರತ್ಯಕ್ಷ. ಈ ಮರುಕಳಿಕೆಯೇ ಜನರನ್ನು ಸೋಲಿಸಿ ಫಾರ್ಮ್ಯಾಟ್ ಅಂಗಡಿಗೆ ಅಟ್ಟುವುದು, ಹಾಗಾಗಿ ತುಸು ವಿವರವಾಗಿ ಹೇಳುತ್ತೇನೆ. ಅದಕ್ಕೆ ಕಾರಣ ಮೂರಿದ್ದವು. ಡೆಸ್ಕ್‌ಟಾಪಿನ ಮೇಲಿನ ಕ್ರೋಮ್ ಚಿತ್ರದ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದಾಗ, ‘ಟಾರ್ಗೆಟ್’ ಎಂಬ ಸಾಲಿನ ತುದಿಯಲ್ಲಿ, ಕ್ರೋಮಿನ ಹೆಸರು ಮುಗಿದ ಮೇಲೆ ಆ ಹಾಳು ಪುಟದ ವಿಳಾಸ ಬಾಲದಂತೆ ಅಂಟಿಕೊಂಡಿತ್ತು. ಸೆಟ್ಟಿಂಗ್ಸ್ ಎಷ್ಟೇ ಸರಿಯಿದ್ದರೂ ಆ ಚಿತ್ರದಿಂದ ತೆರೆದರೆ ಅದೇ ಪುಟ ಬರುವಂತೆ. ಬಾಲವನ್ನು ಅಳಿಸಿದೆ. ಎರಡನೆಯದು, ನಿಗದಿತ ಹೊತ್ತಿಗೆ ತಾನಾಗಿಯೇ ಕೆಲಸ ನಡೆಸುವ ವಿಂಡೋಸ್ ಸಾಧನವಾದ ‘ಟಾಸ್ಕ್ ಷೆಡ್ಯೂಲರ್’ನಲ್ಲಿ ಸಿಕ್ಕಿತು: ಕಂಪ್ಯೂಟರಿಗೆ ಲಾಗಿನ್ ಆದಾಗಲೆಲ್ಲ ಅಳಿಸಿಹೋದದ್ದನ್ನು ಮತ್ತೆ ತಂದು ಹಾಕಬೇಕೆಂಬ ಆಜ್ಞೆ, ಅದೇ ರಾತ್ರಿಯ ತಾರೀಖಿನಲ್ಲಿ. ಮೂರನೆಯದು ನನಗೆ ಹೊಳೆದಿರಲೇ ಇಲ್ಲ, ಮಗಳು ಕಂಡುಹಿಡಿದಳು. ಒಂದೇ ಗೂಗಲ್ ಖಾತೆಯಿಂದ ಮನೆಯಲ್ಲಿಯೂ ಅಂಗಡಿಯಲ್ಲಿಯೂ ಕ್ರೋಮ್ ಬಳಸುತ್ತಿದ್ದೆ. ಒಂದೇ ಖಾತೆಯ ಬ್ರೌಸರುಗಳನ್ನೆಲ್ಲ ಒಂದೇ ರೀತಿ ಇಡುವ ‘ಸಿಂಕ್’ ಚಾಲೂ ಇದ್ದುದರಿಂದ ಆ ಎರಡರಲ್ಲೊಂದು ಎಕ್ಸ್‌ಟೆನ್ಷನ್ ಅಂಗಡಿಯ ಕಂಪ್ಯೂಟರಿಗೂ ದಾಟಿ, ಅಲ್ಲಿ ಭದ್ರವಾಗಿದ್ದು, ಮನೆಯಲ್ಲಿ ತೆಗೆದ ಮೇಲೆ ಅಲ್ಲಿಂದ ತಿರುಗಿ ಬಂದಿತ್ತು. ಎರಡೂ ಕಡೆ ಸಿಂಕ್ ನಿಲ್ಲಿಸಿ, ಎರಡನ್ನೂ ಶುಚಿ ಮಾಡಿ, ಆಮೇಲೆ ಮತ್ತೆ ಚಾಲೂ ಮಾಡಿದೆ. ಶುಚಿಯಾದ ಬ್ರೌಸರಿನಿಂದ ಬ್ಯಾಂಕು ಮತ್ತು ಇಮೇಲಿನ ಪಾಸ್‌ವರ್ಡು ಬದಲಾಯಿಸಿದೆ. ಹಣ ಹೋಗಿರಲಿಲ್ಲ, ಆದರೂ ನೋಡುತ್ತಿದ್ದವರು ಯಾರೋ ತಿಳಿಯದಿದ್ದಾಗ ಬೀಗ ಬದಲಿಸುವುದು ಒಳ್ಳೆಯದೆನಿಸಿತು. ಅಂದಿನಿಂದ ಇಂದಿನವರೆಗೆ ಅದು ಮರಳಿ ಬಂದಿಲ್ಲ. ಎಲ್ಲ ಸೇರಿ ಹಿಡಿದದ್ದು ಎರಡು ಸಂಜೆ. ದಾರಿ ಗೊತ್ತಿದ್ದವರಿಗೆ ಒಂದು ಗಂಟೆ ಸಾಕು.

ಇದನ್ನೆಲ್ಲ ತಡೆಯುವ ಬಾಗಿಲೊಂದು ವಿಂಡೋಸ್‌ನಲ್ಲೇ ಇದೆ. ‘ವಿಂಡೋಸ್ ಸೆಕ್ಯುರಿಟಿ’ಯಲ್ಲಿ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಎಂಬಲ್ಲಿ, ಬೇಡದ ತಂತ್ರಾಂಶಗಳನ್ನು ತಡೆಯುವ ಆಯ್ಕೆಯನ್ನು 2020ರಿಂದ ಕೊಟ್ಟಿದ್ದಾರೆ. ನನ್ನದರಲ್ಲಿ ಅದು ಆಫ್ ಆಗಿತ್ತು; ಬಹುಶಃ ಯಾವುದೋ ಕಾಲದಲ್ಲಿ ಯಾವುದೋ ಫಾಂಟು ಹಾಕಲು ನಾನೇ ಆಫ್ ಮಾಡಿದ್ದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2017ರ ಫೆಬ್ರುವರಿಯಿಂದ ನಡೆಸುತ್ತಿರುವ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿಯೂ ಉಚಿತ ಶುಚಿಗೊಳಿಸುವ ಸಾಧನಗಳು ಸಿಗುತ್ತವೆ ಎಂಬುದನ್ನು ಎಷ್ಟು ಜನ ಬಲ್ಲರು?

ಇಷ್ಟು ಹೇಳಿ ನಿಲ್ಲಿಸಿದರೆ ತಪ್ಪೆಲ್ಲ ಬಳಸುವವರದ್ದೇ ಎಂದಂತಾಗುತ್ತದೆ. ಓದದೆ ಒತ್ತಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಕನ್ನಡದ ತಂತ್ರಾಂಶ ಬೇಕೆಂದು ಕನ್ನಡದಲ್ಲಿ ಟೈಪಿಸಿ ಹುಡುಕಿದವನ ಮುಂದೆ, ಸಣ್ಣ ಇಂಗ್ಲಿಷ್ ಅಕ್ಷರದ ಹತ್ತು ಪರದೆಯ ಕರಾರನ್ನಿಟ್ಟು, ಅದಕ್ಕೆ ಅವನು ಒಪ್ಪಿದ್ದಾನೆ ಎಂದು ಹೇಳುವುದು ಯಾವ ನ್ಯಾಯ? ನಿರಕ್ಷರಿಯ ಹೆಬ್ಬೆಟ್ಟು ಒತ್ತಿಸಿಕೊಂಡ ಪತ್ರಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಾನೂನು ಇಲ್ಲವೆಂದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್, ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕಲುಷಿತ ತಂತ್ರಾಂಶ ಸೇರಿಸುವುದನ್ನು ತಪ್ಪೆನ್ನುತ್ತದೆ; ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಸಜೆ, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ‘ಐ ಅಗ್ರೀ’ ಒತ್ತಿಸಿಕೊಂಡವರು ಅನುಮತಿಯಿತ್ತಲ್ಲ ಎಂದು ಪಾರಾಗುತ್ತಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿದೆ. ಬೇರೇನೋ ಎಂಬಂತೆ ವೇಷ ಹಾಕಿದ ಜಾಹೀರಾತು ಅದರಲ್ಲೊಂದು. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆಯೆಂದು ಹೆದರಿಸಿ ನಕಲಿ ಪರಿಹಾರ ಮಾರುವುದು ಇನ್ನೊಂದು. ನನ್ನ ಹಸಿರು ಗುಂಡಿ ಮತ್ತು ಕೆಂಪು ಚೀಟಿ ಎರಡೂ ಈ ಪಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇಂಥ ದೂರು ಕೊಡಬಹುದೆಂಬುದನ್ನು ಪತ್ರಿಕೆಗಳು ಆಗಾಗ ಬರೆಯುತ್ತಿರಬೇಕು. ಇಂಥ ಚೀಟಿಯಲ್ಲಿ ಕೊಟ್ಟ ಸಂಖ್ಯೆಗೆ ಫೋನು ಮಾಡಿ ಹಣ ಕಳೆದುಕೊಂಡವರಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇದರಲ್ಲಿ ರಾಜ್ಯ ಸರ್ಕಾರದ ಪಾಲೂ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿಯಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ, ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲೂ ಇದೆ. ಆದರೆ ಅದನ್ನು ಹುಡುಕಹೊರಟ ಸಾಮಾನ್ಯರ ಕಣ್ಣಿಗೆ ಅಧಿಕೃತ ತಾಣಕ್ಕಿಂತ ಮೊದಲು ಬೀಳುವುದು ಬೇರೆಯವರು ಅದರ ಹೆಸರಿಟ್ಟುಕೊಂಡು ತೆರೆದ ಪುಟಗಳು. ಫಾಂಟುಗಳು, ಕೀಲಿಮಣೆ ತಂತ್ರಾಂಶ, ಹಳೆಯ ಅಕ್ಷರಗಳ ಪರಿವರ್ತಕ, ಈ ಮೂರನ್ನೂ ಸರ್ಕಾರದ ಒಂದೇ ವಿಳಾಸದಲ್ಲಿಟ್ಟು, ಆ ವಿಳಾಸವನ್ನು ಗ್ರಾಮ ಪಂಚಾಯಿತಿಯಿಂದ ಹಿಡಿದು ಕಾಲೇಜಿನವರೆಗೆ ಗೋಡೆಯ ಮೇಲೆ ಬರೆಸುವುದು ದೊಡ್ಡ ಖರ್ಚಿನ ಮಾತಲ್ಲ. ಇನ್‌ಸ್ಟಾಲ್ ಮಾಡುವಾಗ ಬರುವ ಪರದೆಗಳು ಕನ್ನಡದಲ್ಲಿರಲಿ. ಬರಿ ಟೈಪ್ ಮಾಡಲು ಕನ್ನಡ ಬೇಕೆನ್ನುವವರು ಏನನ್ನೂ ಇಳಿಸಿಕೊಳ್ಳಬೇಕಿಲ್ಲ ಎಂಬುದನ್ನೂ ಅಲ್ಲಿಯೇ ತಿಳಿಸಲಿ. ವಿಂಡೋಸ್ 10ರ 2019ರ ಆವೃತ್ತಿಯಿಂದಲೇ ಕನ್ನಡದ ಫೊನೆಟಿಕ್ ಕೀಲಿಮಣೆ ಒಳಗೇ ಇದೆ, ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡರೆ ಮುಗಿಯಿತು.

ಮಾಸ್ತರರ ಪುಸ್ತಕದ ಅಕ್ಷರ ಪರಿವರ್ತನೆ ಆಮೇಲೆ ಸರಿಯಾದ ಸಾಧನದಿಂದಲೇ ಆಯಿತು. ಅರ್ಕಾವತ್ತು ಮಾತ್ರ ಅಲ್ಲಲ್ಲಿ ಮುಂದಿನ ಅಕ್ಷರಕ್ಕೆ ಜಾರಿ, ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿರುವುದನ್ನು ಈಗಲೂ ಕೂತು ತಿದ್ದುತ್ತಿದ್ದೇನೆ. ಫಾರ್ಮ್ಯಾಟ್ ಮಾಡಿಸಿದ್ದರೆ ತಿದ್ದಲು ಆ ಪುಟಗಳೇ ಇರುತ್ತಿರಲಿಲ್ಲ. ಅವರು ಕೊಟ್ಟ ಪೆನ್‌ಡ್ರೈವ್ ಅಷ್ಟರಲ್ಲಿ ಕೆಟ್ಟುಹೋಗಿತ್ತು.

ತಮ್ಮ ಪುಟದಲ್ಲಿ ಪ್ರಶ್ನೆ ಕೇಳಿದ್ದ ಓದುಗರು ಇನ್ನೂ ಅಂಗಡಿಗೆ ಹೋಗಿರಲಿಕ್ಕಿಲ್ಲ ಎಂಬ ಆಸೆಯಿಂದ, ಈ ಪತ್ರವನ್ನು ವಾಚಕರ ವಾಣಿಯಲ್ಲಲ್ಲದಿದ್ದರೂ ಅದೇ ತಂತ್ರಜ್ಞಾನ ಪುಟದಲ್ಲಿ, ಬೇಕಾದಷ್ಟು ಮೊಟಕುಗೊಳಿಸಿಯಾದರೂ ಈ ವಾರವೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮೊಟಕುಗೊಳಿಸುವುದಾದರೆ ಶಾರ್ಟ್‌ಕಟ್ಟಿನ ಬಾಲ ಮತ್ತು ಸಿಂಕ್ ಕುರಿತ ಭಾಗವನ್ನು ದಯವಿಟ್ಟು ಉಳಿಸಿ.

ಇಂತಿ ತಮ್ಮ ವಿಶ್ವಾಸಿ,
ಡಿಟಿಪಿ ಅಂಗಡಿಯ ಓದುಗ,
ಹಾವೇರಿ